ಮೊದಲು ಬಲ್ಬ್ ನೋಡು

ನನ್ನ ತವರಿನ ಬೀದಿಯನ್ನು ನೋಡುವುದಕ್ಕೆ ನಾನು ಟಿಕೆಟ್ ತೆಗೆದುಕೊಂಡೆ. ಹೇಳಿದರೆ ಜನ ನಗುತ್ತಾರೆ. ನನಗೂ ಮೊದಲು ನಗುವೇ ಬಂತು, ಆಮೇಲೆ ಮೈ ಉರಿಯಿತು. ಹಳೆಯ ವಿದ್ಯಾರ್ಥಿಯೊಬ್ಬ ವಾಟ್ಸಾಪಿನಲ್ಲಿ ಕಳಿಸಿದ ಸಂದೇಶ ಅದು: ದೊಡ್ಡಬಳ್ಳಾಪುರದ ಹಳೇ ಪೇಟೆಯ ಬೀದಿಗಳಲ್ಲಿ ಫೋಟೋ ನಡಿಗೆ, ಎರಡನೇ ಶನಿವಾರ ಬೆಳಿಗ್ಗೆ ಎಂಟಕ್ಕೆ, ಜೊತೆಗೆ ಗೈಡ್ ಇರುತ್ತಾರೆ, ತಿಂಡಿ ಸೇರಿ. ಕೆಳಗೆ ಒಂದು ಬೀದಿಯ ಚಿತ್ರ ಹಾಕಿದ್ದರು. ದೊಡ್ಡದು ಮಾಡಿ ನೋಡಿದೆ. ಎಡಗಡೆಯ ಹದಿನಾಲ್ಕನೇ ಮನೆ ನಮ್ಮದು. ಜಗಲಿಯ ಮೇಲೆ ಯಾರದೋ ಟವೆಲ್ ಒಣಗುತ್ತಿತ್ತು. ಅದು ಅಣ್ಣನದೇ ಇರಬೇಕು ಎಂದು ನಾನು ಆ ಟವೆಲನ್ನು ಎಷ್ಟು ಹೊತ್ತು ನೋಡಿದೆನೋ ನನಗೇ ನೆನಪಿಲ್ಲ.

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವಳು. ನಿವೃತ್ತಿಯ ದಿನ ಶಾಲು, ಹಣ್ಣಿನ ಬುಟ್ಟಿಯ ಜೊತೆ ಸಹೋದ್ಯೋಗಿಗಳು ಒಂದು ಕ್ಯಾಮೆರಾ ಕೊಟ್ಟಿದ್ದರು. ಅರಿಶಿನಕುಂಟೆಯ ನಮ್ಮ ಮನೆಯ ಮುಂದೆ ಹೈವೇ. ಲಾರಿ ಬಿಟ್ಟರೆ ತೆಗೆಯುವುದಕ್ಕೆ ಏನಿದೆ? ಕ್ಯಾಮೆರಾ ಬೀರುವಿನಲ್ಲೇ ಉಳಿದಿತ್ತು. ಅದನ್ನು ಹೊರಗೆ ತೆಗೆದು ಒರೆಸುತ್ತಿದ್ದಾಗ ನನ್ನ ಯಜಮಾನರು, "ಎಲ್ಲಾ ಬಿಟ್ಟ ಮಗ ಭಂಗಿ ನೆಟ್ಟ ಅನ್ನೋ ಹಂಗಾಯ್ತು ನಿನ್ ಕತೆ" ಎಂದರು. ಎಲ್ಲಿಗೆ ಎಂದು ಕೇಳಿದರು. ಹೇಳಿದೆ. ಅವರ ಮುಖದ ನಗು ಹೋಯಿತು. "ಹೋಗ್ಬಾ. ಕ್ಯಾಮೆರಾ ಇಲ್ದಿದ್ರೂ ಹೋಗ್ಬಹುದಿತ್ತು" ಎಂದಷ್ಟೇ ಹೇಳಿ ಪೇಪರು ಓದತೊಡಗಿದರು.

ನಿಜ. ಆದರೆ ಕ್ಯಾಮೆರಾ ಇಲ್ಲದೆ ಹೋಗುವ ಮುಖ ನನಗಿರಲಿಲ್ಲ. ಒಂಬತ್ತು ವರ್ಷದಿಂದ ಆ ಬೀದಿಗೆ ಕಾಲಿಟ್ಟಿರಲಿಲ್ಲ. ನನ್ನ ಮಾತಿಗೆ ನಾನೇ ಕಟ್ಟುಬಿದ್ದು ಕೂತಿದ್ದೆ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎಂದು ಮಕ್ಕಳಿಗೆ ಸಾವಿರ ಸಲ ಹೇಳಿದ ಟೀಚರ್ ನಾನು. ಆ ಸಂದೇಶ ಬರುವುದಕ್ಕೆ ಹದಿನೈದು ದಿನ ಮುಂಚೆ ಅನುಗೊಂಡನಹಳ್ಳಿಯಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಹೋಗಿದ್ದೆ. ಪಂಕ್ತಿಯಲ್ಲಿ ಪಕ್ಕ ಕೂತಿದ್ದ ಹೆಂಗಸು, "ನಿಮ್ಮಣ್ಣಂಗೆ ಎದೆಗೆ ಸ್ಟೆಂಟ್ ಹಾಕಿದ್ರಂತಲ್ಲ, ಹೆಂಗಿದಾರೆ ಈಗ?" ಎಂದರು. "ಚೆನ್ನಾಗಿದಾನೆ" ಎಂದು ಸುಳ್ಳು ಹೇಳಿದೆ. ಕೈ ತೊಳೆಯುವ ನೆಪದಲ್ಲಿ ನಲ್ಲಿಯ ಹತ್ತಿರ ಬಹಳ ಹೊತ್ತು ನಿಂತೆ. ಅವನನ್ನು ಒಂದು ಸಲ ನೋಡಬೇಕು, ಆದರೆ ನಾನು ಬಂದೆ ಎಂದು ಅವನಿಗೆ ಗೊತ್ತಾಗಬಾರದು. ಹದಿನೈದು ಜನರ ಗುಂಪಿನಲ್ಲಿ ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡು ಹೋದರೆ ಯಾರು ಗುರುತು ಹಿಡಿಯುತ್ತಾರೆ? ಅರವತ್ತು ದಾಟಿದ ಹೆಂಗಸಿನ ಯೋಚನೆ ಇದು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಆ ಬೀದಿಯ ಕಟ್ಟಳೆಯೊಂದನ್ನು ಇಲ್ಲಿ ಹೇಳಲೇಬೇಕು.

ನಮ್ಮದು ಮೂಲತಃ ನೇಯ್ಗೆಯ ಮನೆತನವಲ್ಲ. ಮಾಕಳಿದುರ್ಗದ ಬುಡದ ಹಳ್ಳಿಯಲ್ಲಿ ರಾಗಿ ಬೆಳೆಯುತ್ತಿದ್ದವರು. ಅಪ್ಪ ಹೊಲವನ್ನು ಚಿಕ್ಕಪ್ಪಂದಿರಿಗೆ ಬಿಟ್ಟು ಪೇಟೆಗೆ ಬಂದು ಒಂದು ವಿದ್ಯುತ್ ಮಗ್ಗ ಹಾಕಿದರು. ಆ ಬೀದಿಯಲ್ಲಿ ಮನೆಗೊಂದೋ ಎರಡೋ ಮಗ್ಗ. ನಡುಮನೆಯಲ್ಲಿ ಜನ, ಹಿಂದಿನ ಕೋಣೆಯಲ್ಲಿ ಮಗ್ಗ. ಬೆಳಿಗ್ಗೆಯಿಂದ ಸಂಜೆಯವರೆಗೆ ಟಕಟಕ ಟಕಟಕ. ಹೊಸಬರಿಗೆ ತಲೆನೋವು ಬರುತ್ತದೆ, ನಮಗೆ ಅದು ನಿಂತರೆ ತಲೆನೋವು. ಅದು ನಿಲ್ಲುವುದು ಎರಡೇ ಕಾರಣಕ್ಕೆ. ಒಂದು, ಕರೆಂಟು ಹೋದಾಗ. ಇನ್ನೊಂದು, ಬೀದಿಯಲ್ಲಿ ಯಾರಾದರೂ ತೀರಿಕೊಂಡಾಗ. ಯಾರೂ ಬಂದು ಹೇಳಬೇಕಾಗಿರಲಿಲ್ಲ. ಸತ್ತವರ ಮನೆಯ ಮಗ್ಗ ನಿಂತಿತೆಂದರೆ ಪಕ್ಕದ ಮನೆಯದು ನಿಲ್ಲುತ್ತಿತ್ತು, ಅದರ ಪಕ್ಕದ್ದು, ಎದುರಿನದು, ಹೀಗೇ ಬೀದಿಯ ಕೊನೆಯವರೆಗೆ. ಹೆಣ ಬೀದಿಯ ತುದಿ ದಾಟುವ ತನಕ ಒಬ್ಬರೂ ಸ್ವಿಚ್ ಮುಟ್ಟುತ್ತಿರಲಿಲ್ಲ. ಹೊರಗೆ ಕುಂಟೆಬಿಲ್ಲೆ ಆಡುತ್ತಿದ್ದ ನಮಗೆ ತಟ್ಟನೆ ಸದ್ದು ನಿಂತರೆ ಅಮ್ಮ ಒಳಗಿನಿಂದ ಕೂಗುತ್ತಿದ್ದಳು: "ಮೊದ್ಲು ಬಲ್ಬ್ ನೋಡ್ರೇ!" ಬಲ್ಬ್ ಆರಿದ್ದರೆ ಕರೆಂಟು ಹೋಗಿದೆ, ಆಟ ಮುಂದುವರಿಸಬಹುದು. ಬಲ್ಬ್ ಉರಿಯುತ್ತಿದ್ದರೆ ಆಟ ನಿಲ್ಲಿಸಿ ಮನೆಗೆ ಬರಬೇಕು.

ಹೊರಗಿನಿಂದ ಬಂದವರಾದ್ದರಿಂದ ಅಪ್ಪ ಈ ಕಟ್ಟಳೆಯನ್ನು ಉಳಿದವರಿಗಿಂತ ಒಂದು ಕೈ ಹೆಚ್ಚೇ ಪಾಲಿಸುತ್ತಿದ್ದರು. ಆ ಮನೆಯಲ್ಲಿ ಬೆಳೆದ ಅಣ್ಣ, ಅಮ್ಮ ಸತ್ತ ದಿನ ಮಗ್ಗ ನಿಲ್ಲಿಸಲಿಲ್ಲ.

ಅವತ್ತು ಬೆಳಿಗ್ಗೆ ಅತ್ತಿಗೆ ಫೋನ್ ಮಾಡಿ, "ಅತ್ತೆಗೆ ಸ್ವಲ್ಪ ಜಾಸ್ತಿ ಆಗಿದೆ, ಬನ್ನಿ" ಎಂದಿದ್ದರು. ಅಮ್ಮನಿಗೆ ಜಾಸ್ತಿಯಾಗುವುದು, ಮತ್ತೆ ಎದ್ದು ಕಾಫಿ ಕೇಳುವುದು ಮೂರು ತಿಂಗಳಿಂದ ನಡೆದೇ ಇತ್ತು. ಸ್ಕೂಲಿಗೆ ರಜ ಹಾಕಿ ಬಸ್ಸು ಹತ್ತಿದೆ. ಬೀದಿಯ ತುದಿಗೆ ಬಂದಾಗ ಸದ್ದೇ ಇಲ್ಲ. ಅಲ್ಲಿದ್ದ ಅಂಗಡಿಯ ಬಲ್ಬ್ ನೋಡಿದೆ, ಉರಿಯುತ್ತಿತ್ತು. ನನ್ನ ಕಾಲು ಅಲ್ಲೇ ನಿಂತುಹೋಯಿತು. ಅಷ್ಟರಲ್ಲಿ ದೂರದಿಂದ ಒಂದೇ ಒಂದು ಮಗ್ಗದ ಸದ್ದು ಕೇಳಿಸಿತು. ಟಕಟಕ, ಟಕ್. ಟಕಟಕ, ಟಕ್. ನಮ್ಮದೇ ಮಗ್ಗ. ಅದರದು ಮೊದಲಿನಿಂದಲೂ ಕುಂಟು ನಡಿಗೆ, ನಿದ್ದೆಯಲ್ಲೂ ಗುರುತು ಹಿಡಿಯುತ್ತೇನೆ. ಸದ್ಯ, ನಮ್ಮ ಮನೆಯಲ್ಲ ಎಂದುಕೊಂಡೆ. ಮೂಲೆಯಲ್ಲಿ ಕನಕಾಂಬರ ಮಾರುತ್ತಿದ್ದಾಕೆಯನ್ನು, "ಯಾರಮ್ಮಾ ಹೋಗಿದ್ದು?" ಎಂದು ಆರಾಮವಾಗಿ ಕೇಳಿದೆ. ಅವಳು ಹೂವಿನ ಕಡೆ ತಿರುಗಿಕೊಂಡಳು. ಅಮ್ಮನಿಗೆಂದು ಒಂದು ಮೊಳ ಕೊಂಡು, ಬೀದಿಯುದ್ದಕ್ಕೂ ನಿಧಾನವಾಗಿ ನಡೆದು ಮನೆಗೆ ಹೋದೆ.

ಅಮ್ಮನನ್ನು ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ತಲೆಯ ಹತ್ತಿರ ದೀಪ ಇಟ್ಟಿದ್ದರು. ಹಿಂದಿನ ಕೋಣೆಯಲ್ಲಿ ಅಣ್ಣ ಮಗ್ಗ ಓಡಿಸುತ್ತಿದ್ದ.

ಆಮೇಲೆ ನಾನು ಏನೇನು ಅಂದೆನೋ ಎಲ್ಲವನ್ನೂ ಬರೆಯಲಾರೆ. ಮಗ್ಗದ ಮುಂದೆ ನಿಂತು, ಬೀದಿಯೆಲ್ಲ ಸೇರಿದ್ದಾಗ, ಸೀರೆ ಮುಗಿಸೋ ಅವಸರಕ್ಕೆ ಹೆತ್ತವಳ ಹೆಣವೂ ಕಾಣಿಸಲಿಲ್ಲವಾ ಎಂದೆ. ಅವನು ಸ್ವಿಚ್ ಆರಿಸಿ ಎದ್ದು ನಿಂತ, ಬಾಯಿ ಬಿಡಲಿಲ್ಲ. ಬಾಯಿ ಬಿಡದ್ದಕ್ಕೆ ನನಗೆ ಇನ್ನೂ ರೇಗಿತು. "ನೀನು ಸತ್ತಾಗ ಈ ಬೀದಿ ಮಗ್ಗ ಎಲ್ಲಾ ನಿಂತ್ರೂ ನಾನಂತೂ ಬರಲ್ಲ, ಕೇಳಿಸ್ಕೋ" ಎಂದೆ. ಅಮ್ಮನ ದೀಪದ ಮುಂದೆ ಆಡಿದ ಮಾತು. ಮಣ್ಣು ಮುಗಿಸಿಕೊಂಡು ಹೊರಟವಳು ತಿಥಿಗೂ ಹೋಗಲಿಲ್ಲ. ಅವರ ಫೋನು ಎತ್ತಲಿಲ್ಲ. ಅವನ ಮಗಳ ಮದುವೆಯ ಕರೆಯೋಲೆ ಬಂತು, ಓದಿ ಬೀರುವಿನಲ್ಲಿ ಇಟ್ಟೆ.

ಆ ಶನಿವಾರ ನೆಲಮಂಗಲದಿಂದ ಹೊರಟ ಬಸ್ಸಿನಲ್ಲಿ ಮಧುರೆಯ ಶನಿದೇವರಿಗೆ ಹೋಗುವವರೇ ತುಂಬಿದ್ದರು. ಮಡಿಲಲ್ಲಿ ಎಳ್ಳೆಣ್ಣೆಯ ಬಾಟಲಿ ಇಟ್ಟುಕೊಂಡ ಒಬ್ಬರು ನನ್ನ ಟೋಪಿಯನ್ನೂ ಕ್ಯಾಮೆರಾವನ್ನೂ ನೋಡಿ, "ಮೇಡಂ ಟಿವಿಯೋರಾ?" ಎಂದು ಕೇಳಿದರು. ಹೌದು ಎಂದುಬಿಟ್ಟೆ. ಆ ದಿನದ ಎರಡನೇ ಸುಳ್ಳು. ಮೊದಲನೆಯದು ನನಗೆ ನಾನೇ ಹೇಳಿಕೊಂಡದ್ದು, ಬರೀ ಹೊರಗಿನಿಂದ ನೋಡಿ ಬರುತ್ತೇನೆ ಎಂದು.

ಗೈಡ್ ಬೆಂಗಳೂರಿನ ಯುವಕ. ಗಡ್ಡ, ಸೊಂಟಕ್ಕೆ ಒಂದು ಪುಟ್ಟ ಸ್ಪೀಕರು, ಕೆನ್ನೆಯ ಹತ್ತಿರ ಮೈಕು. ಒಳ್ಳೆಯ ಹುಡುಗನೇ, ಆದರೆ ಗೊತ್ತಿಲ್ಲ ಎನ್ನುವ ಪದ ಅವನಿಗೆ ಗೊತ್ತಿರಲಿಲ್ಲ. ಒಂದು ಹಳೆಯ ಗೋಡೆಯಲ್ಲಿದ್ದ ಕಬ್ಬಿಣದ ಬಳೆ ತೋರಿಸಿ, "ಇದು ಕುದುರೆ ಕಟ್ಟೋಕೆ ಗುರು, ಪಾಳೇಗಾರರ ಕಾಲದ್ದು" ಎಂದ. ಎಲ್ಲರೂ ಕುದುರೆ ಕಟ್ಟುವ ಬಳೆಯ ಫೋಟೋ ತೆಗೆದರು. ನನಗೆ ಆಘಾತವೇ ಆಯಿತು. ಕೈಮಗ್ಗದವರು ಬೀದಿಯುದ್ದಕ್ಕೂ ಹಾಸಿನ ನೂಲು ಎಳೆದು ಗಂಜಿ ಹಾಕುವಾಗ ತುದಿಯನ್ನು ಕಟ್ಟುತ್ತಿದ್ದ ಬಳೆ ಅದು. ಆ ನೂಲಿನ ಕೆಳಗೆ ಬಗ್ಗಿ ಬಗ್ಗಿ ನಾನು ಸ್ಕೂಲಿಗೆ ಹೋಗಿದ್ದೇನೆ. ಈ ಮಗ್ಗದ ಸದ್ದು ನೂರಾರು ವರ್ಷದಿಂದ ಹೀಗೇ ಇದೆ ಎಂದೂ ಅವನು ಹೇಳಿದ. ವಿದ್ಯುತ್ ಮಗ್ಗ ನೂರಾರು ವರ್ಷದಿಂದ! ಯಾವ ಕರೆಂಟಿನಲ್ಲಿ ಓಡುತ್ತಿತ್ತಪ್ಪಾ ಎಂದು ನಾಲಿಗೆಯ ತುದಿಗೆ ಬಂತು. ಬಾಯಿ ಬಿಟ್ಟರೆ ಊರಿನವಳೆಂದು ತಿಳಿಯುತ್ತದೆ. ಹಲ್ಲು ಕಚ್ಚಿಕೊಂಡೆ. ನನ್ನ ಪಕ್ಕ ನಡೆಯುತ್ತಿದ್ದ ಹುಡುಗಿ ಹಲ್ಲಿನ ಡಾಕ್ಟರು. "ಆಂಟಿ, ನಿಮ್ಗೆ ದವಡೆ ನೋವಾ?" ಎಂದು ಕೇಳಿದಳು.

ತಿಂಡಿಯಾಯಿತು. ಇನ್ನೆರಡು ಬೀದಿ ಸುತ್ತಿದೆವು. ಹತ್ತು ಗಂಟೆಯ ಹೊತ್ತಿಗೆ ನಮ್ಮ ಬೀದಿಯ ತುದಿಗೆ ಬಂದೆವು. "ಈಗ ಇವತ್ತಿನ ಸ್ಪೆಷಲ್" ಎಂದು ಗೈಡ್ ಹೇಳಿ, ಮುಂದೆ ಹೋಗಿ ಬರುತ್ತೇನೆ, ನೀವು ಫೋಟೋ ತೆಗೆಯುತ್ತಾ ನಿಧಾನವಾಗಿ ಬನ್ನಿ ಎಂದು ಹೊರಟುಹೋದ.

ಟಕಟಕ ಟಕಟಕ. ಒಂಬತ್ತು ವರ್ಷದ ಮೇಲೆ ಆ ಸದ್ದು ಕಿವಿಗೆ ಬಿದ್ದಾಗ ನನ್ನ ಎದೆ ತುಂಬಿ ಬಂತು. ಜಗಲಿಗಳಿಗೆ ಟೈಲ್ಸ್ ಬಂದಿದ್ದವು. ನಾಲ್ಕಾರು ಕಡೆ ಹಳೆಯ ಮನೆ ಹೋಗಿ ಮೂರಂತಸ್ತಿನ ಕಟ್ಟಡ ಎದ್ದಿತ್ತು. ನಾನು ಗುಂಪಿನ ಕೊನೆಯಲ್ಲಿ ನಿಂತು ಕ್ಯಾಮೆರಾದ ಲೆನ್ಸನ್ನು ಉದ್ದ ಮಾಡಿ ಹದಿನಾಲ್ಕನೇ ಮನೆಯ ಕಡೆ ಹಿಡಿದೆ. ಬಾಗಿಲು ತೆರೆದಿತ್ತು. ಜಗಲಿಯ ಮೇಲೆ ಯಾರೂ ಇರಲಿಲ್ಲ. ಸಾಲುಮಗ್ಗಗಳ ಸದ್ದಿನಲ್ಲಿ ನಮ್ಮ ಕುಂಟು ಮಗ್ಗದ ಸದ್ದನ್ನು ಹುಡುಕುತ್ತಾ ಕಿವಿ ಕೊಟ್ಟು ನಿಂತೆ. ಸಿಕ್ಕಿತು. ಟಕಟಕ, ಟಕ್.

ಅದು ನಿಂತಿತು.

ಆಮೇಲೆ ಅದರ ಪಕ್ಕದ್ದು ನಿಂತಿತು. ಎದುರಿನದು ನಿಂತಿತು. ಒಂದೊಂದಾಗಿ, ಮನೆಯಿಂದ ಮನೆಗೆ, ನಮ್ಮ ಕಡೆಗೇ ಬರುತ್ತಾ ಸದ್ದು ಆರಿತು. ಕೊನೆಯ ಮಗ್ಗವೂ ನಿಂತಾಗ ಬೀದಿಯಲ್ಲಿ ಕಾಗೆಯ ಕೂಗು ಕೇಳಿಸಿತು.

"ವಾವ್, ಎಷ್ಟು ಪೀಸ್‌ಫುಲ್ ಅಲ್ವಾ ಆಂಟಿ" ಎಂದಳು ಹಲ್ಲಿನ ಡಾಕ್ಟರು.

ನಾನು ಅಂಗಡಿಯ ಕಡೆ ತಿರುಗಿದೆ. ಬಲ್ಬ್ ಉರಿಯುತ್ತಿತ್ತು. ಫ್ಯಾನು ತಿರುಗುತ್ತಿತ್ತು. ಕರೆಂಟು ಇತ್ತು.

ಮತ್ತೆ ಲೆನ್ಸಿನಲ್ಲಿ ನೋಡಿದೆ. ಎಲ್ಲ ಮನೆಯವರೂ ಜಗಲಿಗೆ ಬಂದು ನಿಂತಿದ್ದರು. ಎಲ್ಲರೂ ನಮ್ಮ ಮನೆಯ ಕಡೆ ನೋಡುತ್ತಿದ್ದರು. ನಮ್ಮ ಮನೆಯ ಮುಂದೆ ಯಾರೋ ಕೆಂಪು ಪ್ಲಾಸ್ಟಿಕ್ ಕುರ್ಚಿಗಳನ್ನು ತಂದು ಸಾಲಾಗಿ ಹಾಕುತ್ತಿದ್ದರು. ನಮ್ಮ ಕಡೆ ಬೆಳಿಗ್ಗೆ ಹತ್ತು ಗಂಟೆಗೆ ಮನೆಯ ಮುಂದೆ, ಚಪ್ಪರವಿಲ್ಲದೆ, ಬಾಡಿಗೆ ಕುರ್ಚಿ ಯಾಕೆ ಬೀಳುತ್ತದೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಎದೆಗೆ ಸ್ಟೆಂಟ್ ಹಾಕಿದ್ರಂತಲ್ಲ.

ನಾನು ಓಡಿದೆ. ಓಡಿದೆ ಎಂದರೆ, ನನ್ನ ಮಂಡಿಗಳು ಓಡಲು ಬಿಟ್ಟಷ್ಟು. ಟೋಪಿ ಹಾರಿತು. ಒಂದು ಚಪ್ಪಲಿ ಕಾಲಿನಿಂದ ಕಳಚಿ ಹಿಂದೆ ಬಿತ್ತು. ಕ್ಯಾಮೆರಾ ಎದೆಗೆ ಬಡಿಯುತ್ತಿತ್ತು. ಆಗ ಬೆರಳು ಎಲ್ಲಿ ತಗುಲಿತೋ, ಆಮೇಲೆ ಅರಿಶಿನಕುಂಟೆಗೆ ಹೋಗಿ ನೋಡಿದಾಗ ನೆಲ, ಸೆರಗು, ಕುರ್ಚಿಯ ಕಾಲು, ಯಾರದೋ ಗಾಬರಿಗೊಂಡ ಅರ್ಧ ಮುಖ ಎಂದು ಒಂದಿಷ್ಟು ಫೋಟೋಗಳಿದ್ದವು. ಆ ಬೀದಿ ಅಷ್ಟು ಉದ್ದ ಎಂದು ನನಗೆ ಅವತ್ತೇ ಗೊತ್ತಾದದ್ದು. ಒಂದೊಂದು ಮನೆ ದಾಟುವಾಗಲೂ ನಾನು ಅಂದ ಮಾತು ನನಗೇ ಕೇಳಿಸುತ್ತಿತ್ತು. ಬರಲ್ಲ ಅಂದಿದ್ದೆ. ನೀನು ಸತ್ತಾಗಲೂ ಬರಲ್ಲ ಅಂದಿದ್ದೆ. ದೇವರು ಆ ಮಾತನ್ನು ಹಿಡಿದು ನನ್ನನ್ನು ಇದೇ ಗಳಿಗೆಗೆ ಇಲ್ಲಿಗೆ ಎಳೆದು ತಂದನೇ ಎನಿಸಿತು. ಕುರ್ಚಿಗಳ ನಡುವೆ ನುಗ್ಗಿ ಹೊಸಿಲು ದಾಟಿ, "ಅಣ್ಣಾ! ಅಯ್ಯೋ ನನ್ನಣ್ಣಾ!" ಎಂದು ಬಾಯಿ ಬಡಿದುಕೊಂಡು ನಡುಮನೆಯಲ್ಲಿ ಕುಸಿದು ಕೂತೆ.

ನಡುಮನೆ ಖಾಲಿ ಇತ್ತು. ಚಾಪೆ ಇಲ್ಲ, ದೀಪ ಇಲ್ಲ.

ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ತಟ್ಟೆಯ ತುಂಬ ಕಾಫಿ ಲೋಟ ಹಿಡಿದು ನಿಂತಿದ್ದರು. ತಟ್ಟೆ ಕೈಜಾರಿ ಅಷ್ಟೂ ಲೋಟ ನೆಲದ ಪಾಲಾಯಿತು. ಹಿಂದಿನ ಕೋಣೆಯಿಂದ ಇಸ್ತ್ರಿ ಮಾಡಿದ ಶರ್ಟಿಗೆ ಗುಂಡಿ ಹಾಕಿಕೊಳ್ಳುತ್ತಾ, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದ ನನ್ನ ಅಣ್ಣ ಓಡಿಬಂದ. ತೆಳ್ಳಗಾಗಿದ್ದ. ನನ್ನನ್ನು ನೋಡಿದ. ಅವನ ಮುಖ ಬಿಳಿಚಿಕೊಂಡಿತು.

"ಯಾರೇ ಹೋಗಿದ್ದು?" ಎಂದ. "ಭಾವ ಹೆಂಗಿದಾರೆ? ಏನಾಯ್ತೇ?"

ಬಾಗಿಲಲ್ಲಿ ಜನ ಸೇರಿದರು. ನನ್ನ ಕೂಗು ಕೇಳಿ ಎದುರುಮನೆಯ ಅಜ್ಜಿ ಅಣ್ಣನೇ ಹೋದನೆಂದು ತಾನೂ ಅಳುತ್ತಾ ಬಂದು, ಅವನು ನಿಂತಿದ್ದನ್ನು ನೋಡಿ ಅಳುವುದನ್ನು ನಿಲ್ಲಿಸಲಾಗದೆ ಅಳುತ್ತಲೇ, "ನಾನು ಬ್ಯಾಡ ಅಂದೆ, ಹೆಣ ಇಲ್ದೆ ಮಗ್ಗ ನಿಲ್ಸಬ್ಯಾಡ್ರೋ, ಅಪಶಕುನ ಅಂದೆ, ಕೇಳಿದ್ರಾ!" ಎಂದು ಎಲ್ಲರಿಗೂ ಬೈಯತೊಡಗಿದಳು. ಅವಳ ಹಿಂದೆ ನಮ್ಮ ಗುಂಪು. ಯಾರೋ ಕ್ಲಿಕ್ ಎನಿಸಿದರು. "ನಿನ್ ಮನೆ ಹೆಣದ ಫೋಟೋ ತೆಗ್ಯೋಗು!" ಎಂದು ನಾನು ಕಿರುಚಿದೆ. ಗೈಡ್ ಇಂಗು ತಿಂದ ಮಂಗನ ಹಾಗೆ ನಿಂತಿದ್ದ. ಅವನ ಸೊಂಟದ ಸ್ಪೀಕರು ಆನ್ ಆಗೇ ಇತ್ತು. "ಮೇಡಂ, ಸಾರಿ ಮೇಡಂ, ನಾನೇ ರಿಕ್ವೆಸ್ಟ್ ಮಾಡಿದ್ದು, ಸದ್ದಲ್ಲಿ ಅಂಕಲ್ ಮಾತು ಕೇಳ್ಸಲ್ಲ ಅಂತ, ಇಪ್ಪತ್ತೇ ನಿಮಿಷ" ಎಂದು ಅವನು ಹೇಳಿದ್ದು ಇಡೀ ಬೀದಿಗೆ ಕೇಳಿಸಿತು.

ಆಗ ಗೊತ್ತಾಯಿತು. ಅವನ ಸ್ಪೆಷಲ್ ಎಂದರೆ ನನ್ನ ಅಣ್ಣ. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಮಗ್ಗದ ಕತೆ ಹೇಳಲು ಅವನು ಶರ್ಟು ಹಾಕಿಕೊಂಡು ತಯಾರಾಗಿದ್ದ.

ಬದುಕಿದ್ದಾನೆ. ಅಷ್ಟೇ ಸಾಕಾಗಿತ್ತು. ಬುದ್ಧಿ ಇದ್ದವಳಾಗಿದ್ದರೆ ಅಲ್ಲಿಗೆ ನಿಲ್ಲಿಸಿ ಅವನ ಕೈ ಹಿಡಿಯುತ್ತಿದ್ದೆ. ಆದರೆ ಹೆದರಿಕೆ ಇಳಿಯುತ್ತಿದ್ದಂತೆ ಅದರ ಜಾಗಕ್ಕೆ ಹಳೆಯ ಸಿಟ್ಟು ಏರಿತು. ಎದ್ದು ನಿಂತೆ.

"ಅಮ್ಮ ಸತ್ತಾಗ ನಿಲ್ಸದ ಮಗ್ಗಾನ ಇವ್ರ ಕ್ಯಾಮೆರಾಗೆ ನಿಲ್ಸಿದ್ಯಾ? ಬೀದಿ ಕಟ್ಟಳೆ ಅಂದ್ರೆ ನಿಂಗೆ ಆಟ ಆಗೋಯ್ತಾ?"

ಅಣ್ಣ ಅರ್ಧ ಹಾಕಿದ ಗುಂಡಿಯನ್ನು ಹಾಗೇ ಬಿಟ್ಟ. "ಯಾವ ಕಟ್ಟಳೇನೇ?" ಎಂದ. ದನಿ ಏರಿಸಲಿಲ್ಲ. "ಹೋದ್ ತಿಂಗ್ಳು ಕೊನೇ ಮನೆ ತಾತ ತೀರ್ಕೊಂಡ. ನಾವು ಐದು ಮನೆಯೋರು ನಿಲ್ಸಿದ್ವಿ. ಮಿಕ್ಕಿದ್ದೆಲ್ಲಾ ಓಡ್ತಾನೇ ಇತ್ತು. ಬಾಡಿಗೆಗೆ ತಗೊಂಡಿರೋರು ಯಾರೋ, ಕೂಲಿ ಹುಡುಗ್ರು ಎಲ್ಲಿಯೋರೋ, ಅವ್ರಿಗೇನು ಗೊತ್ತು? ಟಕಟಕ ಅಂತಿದ್ದಂಗೇ ಹೆಣ ಹೋಯ್ತು. ಇವತ್ತು ಈ ಹುಡುಗ ಬೀದಿಗೆಲ್ಲಾ ಹೋಗಿ ಕೇಳ್ಕೊಂಡ. ಪೂರ್ತಿ ನಿಂತಿದ್ದು ಕೇಳಿ ನಂಗೇ ಗಾಬ್ರಿ ಆಯ್ತು."

ಇದು ಆ ಬೆಳಗಿನ ಇನ್ನೊಂದು ಪೆಟ್ಟು. ನಾನು ಒಂಬತ್ತು ವರ್ಷ ಯಾವ ಕಟ್ಟಳೆಯನ್ನು ಹಿಡಿದುಕೊಂಡು ಅಣ್ಣನನ್ನು ದೂರ ಇಟ್ಟಿದ್ದೆನೋ ಅದು ನನಗೆ ತಿಳಿಯದೆಯೇ ಹೋಗಿಬಿಟ್ಟಿತ್ತು. ಆದರೂ ಬಿಡಲಿಲ್ಲ ನಾನು. "ಆವಾಗ ಇತ್ತಲ್ಲ? ಅಮ್ಮ ಹೋದಾಗ ಇತ್ತಲ್ಲ?" ಎಂದೆ.

ಅವನು ಮಗ್ಗದ ಕೋಣೆಯ ಕಡೆ ತಿರುಗಿಕೊಂಡ. ಒಂಬತ್ತು ವರ್ಷದ ಹಿಂದೆ ನಿಂತಂತೆಯೇ ಬಾಯಿ ಮುಚ್ಚಿ ನಿಂತ.

ನೆಲದಲ್ಲಿ ಕೂತು ಲೋಟ ಆರಿಸುತ್ತಿದ್ದ ಅತ್ತಿಗೆ ತಲೆ ಎತ್ತದೆ, "ಈವಾಗ ಕೇಳಿದ್ರಲ್ಲ" ಎಂದರು. "ಈವಾಗಾದ್ರೂ ಹೇಳ್ತೀನಿ."

"ಸುಮ್ನಿರೇ" ಎಂದ ಅಣ್ಣ.

"ಒಂಬತ್ತು ವರ್ಷ ಸುಮ್ನಿದ್ದೆ. ಅವಳು ಬಂದು ಕೇಳ್ಲಿ, ನಾವಾಗಿ ಹೇಳ್ಬಾರ್ದು ಅಂತ ಆಣೆ ಹಾಕಿಸ್ಬಿಟ್ರಿ. ಬಂದು ಕೇಳಿದ್ರಲ್ಲ." ಅತ್ತಿಗೆ ನನ್ನ ಕಡೆ ನೋಡಿದರು. "ನಾನು ನಿಮ್ಗೆ ಫೋನ್ ಮಾಡಿದಾಗ ಅತ್ತೆ ಕೇಳಿಸ್ಕೊಂಡ್ರು. ಇವರನ್ನ ಹತ್ರ ಕರೆದು, ನಾನಿನ್ನು ಉಳಿಯಲ್ಲ ಕಣೋ, ಆದ್ರೆ ಮಗ್ಗ ನಿಲ್ಸಬೇಡ ಅಂದ್ರು. ಇವ್ರು, ಅದೆಂಗಮ್ಮಾ ಆಗ್ತದೆ, ಬೀದಿಯೋರು ಏನಂತಾರೆ ಅಂದ್ರು. ಬೀದಿಯೋರು ಅವ್ರದ್ದು ನಿಲ್ಸಿಕೊಳ್ಲಿ, ನೀನು ನಮ್ದು ಓಡಿಸ್ತಿರು ಅಂದ್ರು. ಅವ್ಳು ಬಸ್ಸಿಳಿದು ಬರ್ತಾಳೆ, ಸದ್ದಿಲ್ದಿದ್ರೆ ಬೀದಿ ತುದೀಲೇ ಗೊತ್ತಾಗ್ಬಿಡ್ತದೆ, ಅಷ್ಟುದ್ದ ಒಬ್ಳೇ ಹೆಂಗ್ ನಡ್ಕೊಂಡ್ ಬರ್ತಾಳೆ? ನಮ್ ಮಗ್ಗ ಕೇಳಿಸ್ತಿದ್ರೆ ಬೇರೆ ಯಾರೋ ಅಂದ್ಕೊಂಡು ಬರ್ತಾಳೆ. ಅವ್ಳು ಮನೆಯೊಳಗೆ ಕಾಲಿಡೋವರ್ಗೂ ನಿಲ್ಸಬೇಡ ಅಂದ್ರು. ಒಂದ್ ಗಂಟೆ ಆದ್ಮೇಲೆ ಹೋಗ್ಬಿಟ್ರು."

ಅವತ್ತು ನಾನು ಕನಕಾಂಬರ ಕೊಂಡಿದ್ದೆ. ಆರಾಮವಾಗಿ, ಯಾರಮ್ಮಾ ಹೋಗಿದ್ದು ಎಂದು ಕೇಳಿದ್ದೆ. ಅಮ್ಮ ಅಂದುಕೊಂಡ ಹಾಗೆಯೇ, ಬೇರೆ ಯಾರೋ ಎಂದುಕೊಂಡು, ಕೈಬೀಸಿಕೊಂಡು ನಡೆದು ಬಂದಿದ್ದೆ. ಹೆಣದ ಪಕ್ಕದ ಕೋಣೆಯಲ್ಲಿ ಕೂತು, ಬೀದಿಯವರೆಲ್ಲ ಬಂದು ಬೈಯುತ್ತಿದ್ದರೂ ಅಣ್ಣ ಕಣ್ಣೀರು ಒರೆಸಿಕೊಳ್ಳುತ್ತಾ ಮಗ್ಗ ಓಡಿಸಿದ್ದು ನನಗಾಗಿ. ಬಂದ ನಾನು ಅವನಿಗೆ ಕೊಟ್ಟದ್ದು ಆ ಮಾತು.

"ಹೇಳ್ಬಾರ್ದಿತ್ತಾ?" ಎಂದೆ ಅವನಿಗೆ.

"ನೀನು ಹೇಳೋಕ್ಕೆ ಬಿಟ್ಯಾ?" ಎಂದ. "ಆಮೇಲೆ ನಂಗೂ ಸಿಟ್ಟು ಬಂತು. ನಾನು ಅಂಥೋನು ಅಂತ ನೀನು ಹೆಂಗೆ ಅಂದ್ಕೊಂಡೆ ಅಂತ." ಇಬ್ಬರಿಗೂ ಮೂಗಿನ ತುದಿಯಲ್ಲೇ ಕೋಪ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲವೇ. ಅವನು ನನ್ನ ಪಾದಗಳನ್ನು ನೋಡಿದ. "ಒಂದ್ ಚಪ್ಲಿ ಎಲ್ಲೇ?"

"ಬೀದೀಲಿ ಬಿತ್ತು."

"ಓಡ್ಬಂದ್ಯಾ?"

"ಹೂಂ."

"ಬೀದಿಯಷ್ಟುದ್ದಾನೂ?"

ನಾನು ತಲೆಯಾಡಿಸಿದೆ. "ಅಯ್ಯೋ, ಅಮ್ಮ ಇದಕ್ಕೇ ಕಣೇ..." ಎಂದವನು ಮುಂದೆ ಹೇಳಲಾರದೆ ನನ್ನ ತಲೆಯ ಮೇಲೆ ಕೈಯಿಟ್ಟ. ನಾನು ಅವನ ಇಸ್ತ್ರಿಯ ಶರ್ಟನ್ನು ಒದ್ದೆ ಮಾಡಿದೆ. ಹಲ್ಲಿನ ಡಾಕ್ಟರು ಹುಡುಗಿ ಬಾಗಿಲಲ್ಲಿ ಅಳುತ್ತಿದ್ದಳು, ಪಾಪ, ಅವಳಿಗೆ ಅರ್ಧವೂ ಅರ್ಥವಾಗಿರಲಾರದು. ಗೈಡ್ ಮೊದಲ ಸಲ ಮೈಕನ್ನು ಆರಿಸಿ ಕೆನ್ನೆಯಿಂದ ತೆಗೆದ.

"ಕತೆ ಆಮೇಲೆ ಹೇಳ್ತೀನಪ್ಪಾ, ಎಲ್ರೂ ಕೂತ್ಕೊಳ್ಳಿ, ಕಾಫಿ ಮತ್ತೆ ಮಾಡ್ತಾಳೆ" ಎಂದು ಅಣ್ಣ ಅವರಿಗೆ ಹೇಳಿದ. ನನಗೆ, "ಚಪ್ಲಿ ತಗೊಂಡ್ಬಾ ಹೋಗು, ನಾಯಿ ಕಚ್ಕೊಂಡ್ ಹೋಗ್ತವೆ" ಎಂದ. ನಾನು ಹೊಸಿಲು ದಾಟುತ್ತಿದ್ದಾಗ ಹಿಂದಿನ ಕೋಣೆಗೆ ಹೋದವನು ಸ್ವಿಚ್ ಹಾಕಿದ.

ಬೀದಿಯವರೆಲ್ಲ ಇನ್ನೂ ನಮ್ಮ ಮನೆಯ ಮುಂದೆಯೇ ಗುಂಪಾಗಿ ನಿಂತಿದ್ದರಿಂದ ಬೇರೆ ಯಾವ ಮಗ್ಗವೂ ಶುರುವಾಗಿರಲಿಲ್ಲ. ಎರಡೂ ಕಡೆಯ ಮನೆಗಳು ಸುಮ್ಮನಿದ್ದವು. ಒಂದೇ ಮಗ್ಗ ಓಡುತ್ತಿತ್ತು. ಟಕಟಕ, ಟಕ್. ಅದನ್ನು ಕೇಳುತ್ತಾ ಬೀದಿಯ ತುದಿಯವರೆಗೆ ನಡೆದೆ. ಟೋಪಿ ಸಿಗಲಿಲ್ಲ. ಚಪ್ಪಲಿ ಸಿಕ್ಕಿತು. ಹೂವಿನಾಕೆ ಕೂರುತ್ತಿದ್ದ ಮೂಲೆಯಲ್ಲಿ ಈಗ ಬೇರೊಬ್ಬಳು ಸೊಪ್ಪು ಮಾರುತ್ತಿದ್ದಳು. ನಾನು ಬಗ್ಗಿ ಚಪ್ಪಲಿ ಹಾಕಿಕೊಳ್ಳುವುದನ್ನು ನೋಡಿ, "ಮಗ್ಗ ಎಲ್ಲಾ ನಿಂತೋದ್ವಲ್ಲಕ್ಕಾ, ಯಾರು ಹೋದ್ರಂತೆ?" ಎಂದು ಕೇಳಿದಳು.

"ಯಾರೂ ಇಲ್ಲಮ್ಮಾ" ಎಂದೆ. "ನಮ್ ಮಗ್ಗ ಓಡ್ತಿದೆಯಲ್ಲ, ಕೇಳಿಸ್ತಿಲ್ವಾ?"

ಅವಳು ಕಿವಿಗೊಟ್ಟು ಕೇಳಿ ಹೌದೆಂದು ತಲೆಯಾಡಿಸಿದಳು. ನಾನು ಆ ಸದ್ದಿನ ಜಾಡು ಹಿಡಿದು, ಅವಸರವಿಲ್ಲದೆ, ಮನೆಗೆ ನಡೆದೆ.